ಜೈಲು ದ್ವೀಪದ ಕಿರುಚಿತ್ರ: ಮಲ್ಪೆ ಆಸುಪಾಸು ಚಿತ್ರೀಕರಣ, ಕಥೆಯ ಲೆಕ್ಕಾಚಾರ ಸರಿ ಉಂಟಾ?

ಪಡುಕರೆ_ಪಿಕ್ಚರ್ಸ್:

ಎಲ್ಲರಿಗೂ ನಮಸ್ಕಾರ. 25 ನಿಮಿಷದ ಕನ್ನಡ ಕಿರುಚಿತ್ರವೊಂದರ ಚಿತ್ರಕಥೆ ಎರಡನೇ ಕರಡಿನಲ್ಲಿದೆ. ಕಾಲ 2081. ಜೈಲು ಕಟ್ಟಿ ಸಾಕುವುದು ದುಬಾರಿ ಎಂದು ಖಾಸಗಿ ಕಂಪನಿಯೊಂದು ಕೈದಿಗಳನ್ನು ಅರಬ್ಬಿ ಸಮುದ್ರದ ಒಂದು ಕಲ್ಲುದ್ವೀಪದಲ್ಲಿ ಇಳಿಸಿ ಬಿಡುತ್ತದೆ. ಗೋಡೆ ಇಲ್ಲ, ಕಾವಲುಗಾರ ಇಲ್ಲ. ಮೇಲೆ ಶಾಖ ನೋಡುವ ಕ್ಯಾಮೆರಾದ ಡ್ರೋನ್, ಕಾಲಿಗೆ ಸಿಗ್ನಲ್ ಕೊಡುವ ಪಟ್ಟಿ, ಅಷ್ಟೆ. ದ್ವೀಪದಲ್ಲಿ ಹತ್ತು ಜನ. ಅವರೊಳಗೇ ಎರಡು ಗುಂಪು, ಹೊಡೆದಾಟ. ಕೊನೆಗೆ ನಾಲ್ವರು ಅಮಾವಾಸ್ಯೆಯ ಮಧ್ಯರಾತ್ರಿ ತೆಪ್ಪ ಕಟ್ಟಿಕೊಂಡು ದಡದ ಕಡೆ ಹೊರಡುತ್ತಾರೆ.

ಉಡುಪಿಯ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳನ್ನು ನೋಡಿದವರಿಗೆ ಈ ಕಥೆ ಅಲ್ಲೇ ಆಗಬೇಕು ಅನ್ನಿಸ್ತದೆ. ನಮ್ಮಲ್ಲಿ ಇರುವುದು ಒಂದು ಮಿರರ್‌ಲೆಸ್ ಕ್ಯಾಮೆರಾ, ಎರಡು ಲೆನ್ಸ್, ಒಂದು ಸಣ್ಣ ಡ್ರೋನ್. ಸೆಟ್ ಹಾಕುವಷ್ಟು ದುಡ್ಡಿಲ್ಲ. ಕೇಳಬೇಕಾದ್ದು ಇಷ್ಟು: ಬದುಕುಳಿಯುವ ಮತ್ತು ತಪ್ಪಿಸಿಕೊಳ್ಳುವ ಭಾಗ ಕರಾವಳಿಯವರು ನೋಡಿದರೆ ನಂಬುವ ಹಾಗೆ ಉಂಟಾ? ಅಲ್ಲಿ ಶೂಟಿಂಗ್ ನಡೆಸುವಾಗ ಎಲ್ಲಿ ಎಡವುತ್ತೇವೆ? ಆಯುಧ, ಕವಚ, ತೆಪ್ಪ ಇವನ್ನು ಕಡಿಮೆ ಖರ್ಚಿನಲ್ಲಿ ಮಾಡುವ ದಾರಿ ಯಾವುದು?

ಮೂಡುಗಾಳಿ:

ಮಧ್ಯರಾತ್ರಿಯ ಪಲಾಯನವನ್ನು ಮೊದಲು ತೆಗೆಯಿರಿ ಮಾರಾಯ್ರೆ. ನಮ್ಮ ಕಡಲಲ್ಲಿ ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ರಾತ್ರಿ ಬೀಸುವುದು ನೆಲದಿಂದ ಕಡಲಿಗೆ, ಮೂಡುಗಾಳಿ. ರಾತ್ರಿ ತೆಪ್ಪ ಇಳಿಸಿದವರು ಬೆಳಗಾಗುವಾಗ ಇನ್ನಷ್ಟು ಪಡುವಣಕ್ಕೆ ಹೋಗಿರ್ತಾರೆ. ದಡದ ಕಡೆ ತಳ್ಳುವ ಪಡುಗಾಳಿ ಏಳುವುದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಜೋರಾಗುವುದು ಮಧ್ಯಾಹ್ನದ ಮೇಲೆ, ಇಳಿಯುವುದು ಕತ್ತಲಾದ ಮೇಲೆ. ಹಾಯಿ ದೋಣಿಯ ಕಾಲದಲ್ಲಿ ಮೀನಿಗೆ ಹೋಗುವವರು ಬೆಳಗಿನ ಜಾವ ಮೂಡುಗಾಳಿಯಲ್ಲಿ ಹೊರಟು ಮಧ್ಯಾಹ್ನದ ಪಡುಗಾಳಿಯಲ್ಲಿ ಮರಳುತ್ತಿದ್ದದ್ದು ಇದೇ ಲೆಕ್ಕದಲ್ಲಿ. ನಿಮ್ಮ ಕೈದಿಗಳೂ ನಡು ಹಗಲಿನಲ್ಲೇ ಹೊರಡಬೇಕು.

ಹಗಲಾದರೆ ಡ್ರೋನಿಗೆ ಸಿಕ್ಕಿಬೀಳುವುದಿಲ್ಲವಾ ಎಂದು ಕೇಳಬಹುದು. ಶಾಖದ ಕ್ಯಾಮೆರಾ ಮನುಷ್ಯನನ್ನು ಹಿಡಿಯುವುದು ಮೈಯ ಬಿಸಿಗೂ ಸುತ್ತಲಿನ ಬಿಸಿಗೂ ಇರುವ ವ್ಯತ್ಯಾಸದಿಂದ. ರಾತ್ರಿ ತಣಿದ ಕಲ್ಲಿನ ಮೇಲೆ ಮನುಷ್ಯ ದೀಪದಂತೆ ಕಾಣ್ತಾನೆ. ಏಪ್ರಿಲ್ ಮಧ್ಯಾಹ್ನ ಕಪ್ಪು ಕಲ್ಲು ಮೈಗಿಂತ ಬಿಸಿಯಾಗಿರ್ತದೆ. ಅದಕ್ಕೆ ಮೊದಲು ಕಲ್ಲೂ ಮೈಯೂ ಒಂದೇ ಬಿಸಿಗೆ ಬರುವ ಹೊತ್ತೊಂದು ಉಂಟು, ಆಗ ಆ ಕ್ಯಾಮೆರಾಕ್ಕೆ ಎರಡೂ ಒಂದೇ. ಗಾಳಿಯೂ ಕಲ್ಲೂ ಎರಡೂ ಹಗಲಿನ ಪಕ್ಷ. ಆದರೆ ನೀರಿಗಿಳಿದ ಮೇಲೆ ಈ ರಕ್ಷಣೆ ಇಲ್ಲ, ನಮ್ಮ ಸಮುದ್ರದ ನೀರು 30 ಡಿಗ್ರಿಯ ಆಸುಪಾಸು, ತಲೆ ಎದ್ದು ಕಾಣ್ತದೆ. ಅಲ್ಲಿ ಒದ್ದೆ ಗೋಣಿ ಹೊದ್ದುಕೊಳ್ಳಲಿ. ಗೋಣಿ ಒಣಗುತ್ತಾ ಬಂದಾಗೆಲ್ಲ ಮತ್ತೆ ಅದ್ದಬೇಕು, ದೃಶ್ಯಕ್ಕೆ ಅದು ಒಳ್ಳೆಯ ಕೆಲಸ. ಕಾಲಿನ ಪಟ್ಟಿಯ ರೇಡಿಯೋ ಸಿಗ್ನಲ್ ಉಪ್ಪುನೀರಿನಲ್ಲಿ ಕೆಲವೇ ಸೆಂಟಿಮೀಟರಿಗೆ ಸತ್ತುಹೋಗ್ತದೆ. ಅದರಿಂದ ಬಚಾವಾದೆವು ಎಂದು ತೋರಿಸಬೇಡಿ, ಸಿಗ್ನಲ್ ನಿಂತದ್ದೇ ಕಂಪನಿಗೆ ಎಚ್ಚರಿಕೆ. ಎಲ್ಲರೂ ದಿನವೂ ಕಲ್ಲಿನ ಹೊಂಡದಲ್ಲಿ ಗಂಟೆಗಟ್ಟಲೆ ಕಾಲು ಮುಳುಗಿಸಿ ಕೂತು, ಸಿಗ್ನಲ್ ಹೋಗುವುದು ಮಾಮೂಲು ಎಂದು ಕಂಪನಿಗೇ ಅಭ್ಯಾಸ ಮಾಡಿಸಲಿ.

ಇನ್ನು ದೂರ. ಸೇಂಟ್ ಮೇರೀಸ್ ಮಲ್ಪೆಯಿಂದ ಆರೇಳು ಕಿ.ಮೀ. ಅಷ್ಟೆ. ಶಾಂತ ಸಮುದ್ರದಲ್ಲಿ ಪಳಗಿದ ಈಜುಗಾರ ಮೂರು ಗಂಟೆಯಲ್ಲಿ ದಾಟಬಹುದಾದ ದೂರ ಜೈಲಾಗುವುದಿಲ್ಲ. ಕಥೆಯೊಳಗೆ ದ್ವೀಪವನ್ನು 40 ಕಿ.ಮೀ. ಆಚೆ ಇಡಿ. ಆಗ ಏನು ಕಾಣ್ತದೆ, ಏನು ಕಾಣುವುದಿಲ್ಲ ಎಂಬುದಕ್ಕೆ ಸೂತ್ರ ಉಂಟು: ಎತ್ತರದ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿ.ಮೀ.ನಲ್ಲಿ. ಕಣ್ಣು ನೀರಿನಿಂದ 2 ಮೀಟರ್ ಮೇಲಿದ್ದರೆ 5 ಕಿ.ಮೀ., ದಡದ 20 ಮೀಟರ್ ತೆಂಗಿಗೆ 16 ಕಿ.ಮೀ., ಕೂಡಿಸಿದರೆ 21. ಅಂದರೆ 40 ಕಿ.ಮೀ.ನಿಂದ ತೆಂಗಿನ ಸಾಲು ಕಾಣುವುದಿಲ್ಲ. ಆದರೆ 1,894 ಮೀಟರಿನ ಕುದುರೆಮುಖ ಲೆಕ್ಕದ ಪ್ರಕಾರ 150 ಕಿ.ಮೀ. ದಾಟಿಯೂ ಕಾಣಬಹುದು. ಮಳೆ ನಿಂತ ಹೊಸತರಲ್ಲಿ ಬೆಳಿಗ್ಗೆ ಸೂರ್ಯ ಏಳುವ ಮೊದಲು ಘಟ್ಟದ ಗೆರೆ ಮೂಡುತ್ತದೆ, ಹೊತ್ತೇರಿದರೆ ಮಬ್ಬು. ದಡ ಕಾಣದೆ ಘಟ್ಟ ಮಾತ್ರ ಕಾಣುವ ಜಾಗದಲ್ಲಿ ಕೈದಿಯನ್ನು ನಿಲ್ಲಿಸಿ. ಬೇಲಿಯಿಲ್ಲದ ಜೈಲಿನ ಕ್ರೌರ್ಯ ಅದೇ.

ವೇಗದ ಲೆಕ್ಕವನ್ನೂ ಇಟ್ಟುಕೊಳ್ಳಿ. ಹಾಯಿ ಇಲ್ಲದ ತೆಪ್ಪ ಗಾಳಿಯ ವೇಗದ ಶೇಕಡಾ 3ರಷ್ಟು ಸರಿದರೆ ಹೆಚ್ಚು. ಗಂಟೆಗೆ 20 ಕಿ.ಮೀ. ಗಾಳಿಗೆ ಅರ್ಧ ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಟಾರ್ಪಾಲಿನ ಹಾಯಿ, ಹುಟ್ಟು ಎರಡೂ ಸೇರಿದರೆ 2 ಕಿ.ಮೀ. ಎನ್ನಿ. ಪಡುಗಾಳಿಯ ಏಳೆಂಟು ಗಂಟೆಯಲ್ಲಿ 15 ಕಿ.ಮೀ. ರಾತ್ರಿ ಮೂಡುಗಾಳಿ ಹಿಂದಕ್ಕೆ ದೂಡ್ತದೆ, ಆಗ ಹಾಯಿ ಇಳಿಸಿ ಬಾಯಗಲದ ಬಕೆಟ್ಟನ್ನೋ ಗೋಣಿಚೀಲವನ್ನೋ ಹಗ್ಗಕ್ಕೆ ಕಟ್ಟಿ ನೀರಿಗೆ ಬಿಡಬೇಕು, ಅದು ನೀರನ್ನು ಹಿಡಿದುಕೊಂಡು ತೆಪ್ಪವನ್ನು ನಿಧಾನಿಸ್ತದೆ. ಹೀಗೆ ಮೂರ್ನಾಲ್ಕು ಹಗಲು ಬೇಕು. ಒಂದೇ ರಾತ್ರಿಯ ಸಾಹಸಕ್ಕಿಂತ ಇದರಲ್ಲಿ ನಾಟಕ ಜಾಸ್ತಿ ಉಂಟು.

ಬಾವಿಕಟ್ಟೆ:

ಗಾಳಿಯ ವಿಷಯ ಮೇಲಿನವರು ಸರಿಯಾಗಿ ಹೇಳಿದ್ದಾರೆ. ನಾನು ನೀರಿನ ಬಗ್ಗೆ ಬರೆಯುತ್ತೇನೆ, ಏಕೆಂದರೆ ನಿಮ್ಮ ಎರಡು ಗುಂಪುಗಳು ಯಾವುದಕ್ಕಾಗಿ ಹೊಡೆದಾಡುತ್ತವೆ ಎಂದು ನೀವು ಬರೆದೇ ಇಲ್ಲ. ನೀರಿಗಾಗಿ ಹೊಡೆದಾಡಲಿ.

ಸಮುದ್ರದ ನೀರಿನಲ್ಲಿ ಉಪ್ಪು ಶೇಕಡಾ 3.5. ನಮ್ಮ ಮೂತ್ರಪಿಂಡ ಅಷ್ಟು ಸಾಂದ್ರವಾಗಿ ಉಪ್ಪನ್ನು ಹೊರಹಾಕಲಾರದು. ಒಂದು ಲೋಟ ಕುಡಿದರೆ ಆ ಉಪ್ಪನ್ನು ತೊಳೆಯಲು ಒಂದು ಲೋಟಕ್ಕಿಂತ ಹೆಚ್ಚು ನೀರು ದೇಹದಿಂದಲೇ ಹೋಗುತ್ತದೆ. ಕರಾವಳಿಯ ಬೇಸಿಗೆಯಲ್ಲಿ ನೆರಳಲ್ಲಿ ಕೂತವನಿಗೂ ದಿನಕ್ಕೆ 3 ಲೀಟರ್ ಬೇಕು.

ಈಗ ಕಂಪನಿ ದ್ವೀಪಕ್ಕೆ ಕೈಯಲ್ಲಿ ಒತ್ತುವ, ಕಡಲನೀರನ್ನು ಪೊರೆಯ ಮೂಲಕ ದೂಡಿ ಉಪ್ಪು ಬೇರ್ಪಡಿಸುವ ಒಂದೇ ಒಂದು ಆರ್‌ಒ ಪಂಪು ಕೊಟ್ಟಿದೆ ಎಂದಿಟ್ಟುಕೊಳ್ಳಿ. ಇದಕ್ಕೆ ಭವಿಷ್ಯದ ಕಲ್ಪನೆ ಬೇಡ, ಜೀವರಕ್ಷಕ ತೆಪ್ಪಗಳಲ್ಲಿ ಇಡುವ ಚಿಕ್ಕ ಪಂಪು ಈಗಲೂ ಇದೆ, ಗಂಟೆಗೆ ಸುಮಾರು 1 ಲೀಟರ್ ಸಿಹಿನೀರು ಕೊಡುತ್ತದೆ. ಹತ್ತು ಜನಕ್ಕೆ ದಿನಕ್ಕೆ 30 ಲೀಟರ್ ಬೇಕು. ದಿನದಲ್ಲಿ ಇರುವುದು 24 ಗಂಟೆ. ಪಂಪು ಒಂದು ಕ್ಷಣವೂ ನಿಲ್ಲದಿದ್ದರೂ ಎರಡು ಜನರ ನೀರು ಸಿಗುವುದೇ ಇಲ್ಲ. ಬಿಸಿಲಲ್ಲಿ ಒತ್ತುವವನು ಗಂಟೆಗೆ ಅರ್ಧ ಲೀಟರ್ ಬೆವರುತ್ತಾನೆ, ಅಂದರೆ ತೆಗೆದದ್ದರ ಅರ್ಧ ಅವನ ಮೈಯಿಂದಲೇ ಹೋಯಿತು. ಹಾಗಾಗಿ ಒತ್ತುವ ಕೆಲಸ ರಾತ್ರಿಯದು, ಪಾಳಿ ಹಂಚುವವನೇ ದ್ವೀಪದ ದೊರೆ. ನಿಮ್ಮ ಕಥೆಗೆ ಇಷ್ಟು ಗಣಿತ ಸಾಕು, ಎರಡು ಗುಂಪು ತಾನಾಗಿ ಹುಟ್ಟುತ್ತದೆ.

ಪಂಪು ಕೆಡುವ ದೃಶ್ಯ ಬೇಕಾದರೆ ಏಟು ಬಿದ್ದು ಒಡೆಯುವುದಕ್ಕಿಂತ ಒಳಗಿನ ಪೊರೆ ಹಾಳಾಗುವುದು ನಿಜಕ್ಕೆ ಹತ್ತಿರ. ಒಮ್ಮೆ ಒದ್ದೆಯಾದ ಪೊರೆ ಒಣಗಬಾರದು. ಎಣ್ಣೆ ತೇಲುವ ನೀರು ಎಳೆದರೆ ಕಟ್ಟಿಕೊಳ್ಳುತ್ತದೆ. ಕ್ಲೋರಿನ್ ಸೋಕಿದರೆ ಪೊರೆಯೇ ತಿಂದುಹೋಗುತ್ತದೆ, ಮತ್ತೆ ಬರುವುದು ಉಪ್ಪುನೀರು. ಶತ್ರು ಗುಂಪಿನವನು ಒಂದು ಚಿಟಿಕೆ ಬ್ಲೀಚಿಂಗ್ ಪುಡಿ ಹಾಕಿದರೆ ಸದ್ದಿಲ್ಲದೆ ಮುಗಿಯಿತು.

ಬಿಸಿಲಿನಲ್ಲಿ ಆವಿ ಹಿಡಿಯುವ ತೊಟ್ಟಿ ಗಾಜು ಮುಚ್ಚಿ ಚೆನ್ನಾಗಿ ಕಟ್ಟಿದರೆ ಚದರ ಮೀಟರಿಗೆ ದಿನಕ್ಕೆ 2-3 ಲೀಟರ್. ಮಣ್ಣಲ್ಲಿ ಗುಂಡಿ ತೋಡಿ ಪ್ಲಾಸ್ಟಿಕ್ ಹೊದೆಸುವುದು ಸಿನಿಮಾಗಳಲ್ಲಿ ಕಾಣುತ್ತದೆ, ಸಿಗುವುದು ಅರ್ಧ ಲೀಟರೂ ಕಷ್ಟ. ತೋಡುವಾಗ ಹೋದ ಬೆವರೇ ಹೆಚ್ಚು.

ಮಳೆಗಾಲ ಬಂದರೆ ಚಿತ್ರ ತಿರುಗುತ್ತದೆ. 1 ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಎಂದರೆ 1 ಲೀಟರ್. 12 ಅಡಿ x 15 ಅಡಿ ಟಾರ್ಪಾಲು ಸುಮಾರು 16.7 ಚದರ ಮೀಟರ್. ಆಷಾಢದ ಒಂದು ದಿನದ 50 ಮಿ.ಮೀ. ಮಳೆಗೆ 800 ಲೀಟರ್ ದಾಟುತ್ತದೆ. ಉಡುಪಿ ಕಡೆ ವರ್ಷಕ್ಕೆ 4,000 ಮಿ.ಮೀ. ಹತ್ತಿರ ಬೀಳುತ್ತದೆ, ಬಹುಪಾಲು ಆ ನಾಲ್ಕೇ ತಿಂಗಳಲ್ಲಿ. ಮೊದಲ ಸುರಿತವನ್ನು ಚೆಲ್ಲಬೇಕು, ಟಾರ್ಪಾಲಿನ ಮೇಲೆ ಅಲೆಯ ಉಪ್ಪು ಕೂತಿರುತ್ತದೆ. ಆಗ ನೀರಿದೆ, ಆದರೆ ಕಡಲು ದಾಟುವ ಹಾಗಿಲ್ಲ. ಬೇಸಿಗೆಯಲ್ಲಿ ಕಡಲು ಬಿಡುತ್ತದೆ, ಆದರೆ ನೀರಿಲ್ಲ. ಬೀಗ ಹಾಕಿರುವುದು ಋತುಮಾನ. ಹೊರಡುವವರಿಗೆ ಸಿಗುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಕಿಂಡಿ ಮಾತ್ರ: ಡ್ರಮ್ಮಿನಲ್ಲಿ ಮಳೆನೀರು ಉಳಿದಿರುತ್ತದೆ, ಕಡಲು ಇಳಿದಿರುತ್ತದೆ. ನಾಲ್ವರಿಗೆ ನಾಲ್ಕು ದಿನಕ್ಕೆ 48 ಲೀಟರ್, ಅಂದರೆ 20 ಲೀಟರಿನ ಮೂರು ಕ್ಯಾನು. ಅದನ್ನು ಯಾರ ಪಾಲಿನಿಂದ ಉಳಿಸಿದರು ಎಂಬುದೇ ನಿಮ್ಮ ಮಧ್ಯಭಾಗ.

ಊಟಕ್ಕೆ ಕಲ್ಲಿಗಂಟಿದ ಪಚ್ಚಿಲೆ, ಮರಳಿನಲ್ಲಿ ಹುದುಗಿದ ಮರುವಾಯಿ ಎಂಬ ಚಿಪ್ಪುಜೀವಿಗಳು ಧಾರಾಳ ಎಂದು ಬರೆದಿದ್ದರೆ ಒಂದು ಎಚ್ಚರ. ಕೆಲವು ಪಾಚಿ ಕಡಲಲ್ಲಿ ಹೆಚ್ಚಾದಾಗ ಚಿಪ್ಪುಗಳು ಅದರ ವಿಷವನ್ನು ಕೂಡಿಹಾಕಿಕೊಳ್ಳುತ್ತವೆ, ಬೇಯಿಸಿದರೂ ಹೋಗುವುದಿಲ್ಲ. ತುಟಿ, ನಾಲಿಗೆ ಜುಮ್ಮೆನ್ನುವುದರಿಂದ ಶುರು, ಕೈಕಾಲು ಸೋಲುತ್ತದೆ, ಜಾಸ್ತಿಯಾದರೆ ಉಸಿರಾಟ ನಿಲ್ಲುತ್ತದೆ. 1983ರಲ್ಲಿ ಮಂಗಳೂರು ಆಸುಪಾಸಿನಲ್ಲಿ ಮರುವಾಯಿಯಿಂದ ಇಂಥ ವಿಷಬಾಧೆ ವರದಿಯಾಗಿದೆ. ಒಂದು ಗುಂಪು ಇಡೀ ಹಾಸಿಗೆ ಹಿಡಿಯಲು ಖಳನಾಯಕ ಬೇಡ, ಒಂದು ಪಾತ್ರೆ ಸಾರು ಸಾಕು.

ಪಡುಕರೆ_ಪಿಕ್ಚರ್ಸ್:

ಪಂಪಿನ ಲೆಕ್ಕ ಓದಿ ಮಧ್ಯದ ಹತ್ತು ಪುಟ ಹೊಸದಾಗಿ ಬರೆಯಲು ಕೂತಿದ್ದೇವೆ. ಪಲಾಯನವನ್ನು ಅಕ್ಟೋಬರ್ ಕೊನೆಯ ಮಧ್ಯಾಹ್ನಕ್ಕೆ ಇಡುತ್ತೇವೆ. ಚಿತ್ರೀಕರಣದ ಬಗ್ಗೆಯೂ ಯಾರಾದರೂ ಹೀಗೇ ಬಿಡಿಸಿ ಹೇಳಿದರೆ ಉಪಕಾರ.

ಉಪ್ಪುಗಾಜು:

ಎಲ್ಲಕ್ಕಿಂತ ಮೊದಲು ದಿಕ್ಕು. ಖಾಲಿ ಸಮುದ್ರ ಬೇಕಾದರೆ ಕ್ಯಾಮೆರಾ ಪಶ್ಚಿಮಕ್ಕೆ ಮುಖ ಮಾಡಬೇಕು, ಪೂರ್ವಕ್ಕೆ ತಿರುಗಿದರೆ ಮಲ್ಪೆಯ ದಡ, ಕಟ್ಟಡ ಎಲ್ಲ ಕಾಣುತ್ತದೆ. ಪಶ್ಚಿಮ ನೋಡುವ ಶಾಟ್‌ಗಳನ್ನು ಬೆಳಿಗ್ಗೆ ಮಾಡಿದರೆ ಬೆಳಕು ಹಿಂದಿನಿಂದ ಬಂದು ಮುಖ, ಕಲ್ಲು ಎರಡೂ ತುಂಬಿ ಕಾಣುತ್ತವೆ. ಮೂರರ ನಂತರ ಅದೇ ದಿಕ್ಕಿನಲ್ಲಿ ಸೂರ್ಯ ಲೆನ್ಸಿನೊಳಗೇ ಬರುತ್ತಾನೆ, ಆಗ ನೆರಳುಚಿತ್ರ ಮಾತ್ರ. ನಿಮ್ಮ ಪಲಾಯನದ ಶಾಟ್ ಪೂರ್ವಕ್ಕೆ ಹೋಗುವಂಥದ್ದು, ಆದರೆ ದಡ ಕಾಣಬಾರದು. ತೆಪ್ಪವನ್ನು ನೀರಿಗೆ ಹತ್ತಿರದ ಎತ್ತರದಿಂದ, ಉದ್ದದ ಲೆನ್ಸಿನಲ್ಲಿ ಉತ್ತರ-ದಕ್ಷಿಣ ನೋಡಿ ತೆಗೆಯಿರಿ, ದಿಕ್ಕಿನ ಸುಳ್ಳು ಯಾರಿಗೂ ಗೊತ್ತಾಗುವುದಿಲ್ಲ. ದಿಗಂತದಲ್ಲಿ ಮೀನುಗಾರಿಕೆ ಬೋಟುಗಳು ಇದ್ದೇ ಇರುತ್ತವೆ. ಕ್ಯಾಮೆರಾ ಅಲುಗಾಡದ ಶಾಟ್‌ನಲ್ಲಿ ಅವನ್ನು ಎಡಿಟಿಂಗ್‌ನಲ್ಲಿ ಅಳಿಸುವುದು ಸುಲಭ, ಕೈಯಲ್ಲಿ ಹಿಡಿದ ಶಾಟ್‌ನಲ್ಲಿ ಒಂದೊಂದು ಫ್ರೇಮಿಗೂ ಅಳಬೇಕಾಗುತ್ತದೆ.

ಎರಡನೆಯದು ಭರತ-ಇಳಿತ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಹತ್ತು ಗಂಟೆಗೆ ಮುಳುಗಿದ್ದ ಕಲ್ಲು ನಾಲ್ಕು ದಿನ ಬಿಟ್ಟು ಅದೇ ಹೊತ್ತಿಗೆ ಹೊರಗಿರುತ್ತದೆ. ಒಂದೇ ದೃಶ್ಯವನ್ನು ಎರಡು ದಿನಕ್ಕೆ ಹಂಚಿದರೆ ಬಿಸಿಲು ಹೊಂದಿದಾಗ ನೀರು ಹೊಂದುವುದಿಲ್ಲ. ದೂರದ ಶಾಟ್‌ಗಳನ್ನೆಲ್ಲ ಒಂದೇ ದಿನ ಮುಗಿಸಿ, ಕಲ್ಲು-ಆಕಾಶ ಮಾತ್ರ ಇರುವ ಹತ್ತಿರದವನ್ನು ಮರುದಿನಕ್ಕೆ ಇಡಿ. ನವಮಂಗಳೂರು ಬಂದರಿನ ಉಬ್ಬರವಿಳಿತದ ಪಟ್ಟಿ ನೋಡಿ, ಅಮಾವಾಸ್ಯೆ-ಹುಣ್ಣಿಮೆ ಬಿಟ್ಟು ಅಷ್ಟಮಿಯ ಆಸುಪಾಸು ಹಿಡಿದರೆ ನೀರಿನ ಏರಿಳಿತ ಕಡಿಮೆ.

ಬೆಳಕಿನ ಲೆಕ್ಕ: ಲಾಗ್‌ನಲ್ಲಿ (ಆಮೇಲೆ ಬಣ್ಣ ತಿದ್ದಲು ಸಪ್ಪೆಯಾಗಿ ಹಿಡಿಯುವ ಮೋಡ್) ಐಎಸ್‌ಒ 800, ಶಟರ್ 1/50, ಅಪರ್ಚರ್ 5.6 ಬೇಕೆಂದರೆ ನಡುಬಿಸಿಲಿಗೆ 7 ಸ್ಟಾಪ್ ಎನ್‌ಡಿ (ಲೆನ್ಸಿನ ಮುಂದೆ ಹಾಕಿ ಬೆಳಕು ತಗ್ಗಿಸುವ ಫಿಲ್ಟರ್, ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ) ಬೇಕು. ಬಿಳಿ ಚಿಪ್ಪಿನ ದಂಡೆಯಲ್ಲಿ ಇನ್ನೊಂದು ಸ್ಟಾಪ್. ಅಗ್ಗದ ವೇರಿಯಬಲ್ ಎನ್‌ಡಿ ಕೊನೆಯ ತಿರುವಿನಲ್ಲಿ ಆಕಾಶದ ಮೇಲೆ ಅಡ್ಡಾದಿಡ್ಡಿ ಕಪ್ಪು ಗೆರೆ ಬರಿಸುತ್ತದೆ, ಆರು ಸ್ಟಾಪಿನ ಸ್ಥಿರ ಫಿಲ್ಟರ್ ತೆಗೆದುಕೊಂಡು ಉಳಿದದ್ದನ್ನು ಅಪರ್ಚರ್‌ನಲ್ಲಿ ಸರಿಮಾಡಿ. ಕಪ್ಪು ಕಲ್ಲಿಗೆ ಮೀಟರ್ ಹಿಡಿಯಬೇಡಿ, ಆಕಾಶ ಸುಟ್ಟುಹೋಗುತ್ತದೆ.

ದ್ವೀಪದಲ್ಲಿ ಲೆನ್ಸ್ ಬದಲಾಯಿಸುವುದೇ ಬೇಡ. ಎರಡು ಲೆನ್ಸ್ ಬೇಕಾದರೆ ಎರಡನೇ ಬಾಡಿ ಬಾಡಿಗೆಗೆ ತನ್ನಿ. ಗಾಜಿನ ಮೇಲೆ ಕೂತ ಉಪ್ಪಿನ ಹನಿಯನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಹರಳು ಗೀರುತ್ತದೆ, ಮೊದಲು ಸಿಹಿನೀರಲ್ಲಿ ಹಿಂಡಿದ ಬಟ್ಟೆ, ಆಮೇಲೆ ಒಣದು. ಎ.ಸಿ. ರೂಮಿನಿಂದ ತಂದ ಕ್ಯಾಮೆರಾವನ್ನು ಚೀಲದೊಳಗೇ ಮುಕ್ಕಾಲು ಗಂಟೆ ಇಟ್ಟು ತೆರೆಯಿರಿ, ಇಲ್ಲದಿದ್ದರೆ ಒಳಗೆ ಮಂಜು. ಧ್ವನಿಯನ್ನು ಅಲ್ಲೇ ಪೂರ್ತಿ ಹಿಡಿಯುವ ಆಸೆ ಬಿಡಿ. ಅಲೆಯ ಸದ್ದು ಪ್ರತಿ ಶಾಟಿಗೂ ಬೇರೆ, ಕಟ್ ಮಾಡಿದಲ್ಲೆಲ್ಲ ಹಾರುತ್ತದೆ. ಮಾತನ್ನು ಡಬ್ಬಿಂಗ್ ಮಾಡಿ, ಒಂದೊಂದು ಜಾಗದ ಅಲೆಯ ಸದ್ದನ್ನು ಮೂರು ನಿಮಿಷ ಬೇರೆಯಾಗಿ ಹಿಡಿದಿಡಿ.

ಗುಜರಿ_ಕಲೆ:

ಆಯುಧ-ಕವಚಕ್ಕೆ ಪೇಟೆಗೆ ಹೋಗಬೇಡಿ. ಕೈದಿಗಳಿಗೆ ಸಿಗುವುದು ಕಡಲು ತಂದು ಹಾಕಿದ್ದು ಮಾತ್ರ: ಹರಿದ ಬಲೆ, ಬಲೆಯ ತೇಲುಗುಂಡು, ಥರ್ಮಾಕೋಲ್ ತುಂಡು, ಪ್ಲಾಸ್ಟಿಕ್ ಕ್ಯಾನು, ಫೈಬರ್ ದೋಣಿಯ ಚೂರು. ಮಳೆಗಾಲದಲ್ಲಿ ನಮ್ಮ ದಂಡೆಗಳಿಗೆ ಬಂದು ಬೀಳುವುದೂ ಇವೇ. ಗುಜರಿ ಅಂಗಡಿಯಲ್ಲಿ ಕೇಜಿ ಲೆಕ್ಕದಲ್ಲಿ ಸಿಗ್ತದೆ. ಹೊಸದಾಗಿ ಕಾಣುವ ಒಂದು ವಸ್ತುವೂ ಫ್ರೇಮಿನಲ್ಲಿ ಇರಬಾರದು.

ಎದೆಕವಚಕ್ಕೆ ಅಡಿಕೆ ಹಾಳೆಯಷ್ಟು ಒಳ್ಳೆಯ ಸಾಮಾನು ಇನ್ನೊಂದಿಲ್ಲ. ಅರ್ಧ ಗಂಟೆ ನೀರಲ್ಲಿ ನೆನೆಸಿ, ಮೆತ್ತಗಾದಾಗ ಕತ್ತರಿಸಿ, ಮೈಯ ಆಕಾರದ ಡ್ರಮ್ಮಿಗೆ ಹಗ್ಗ ಸುತ್ತಿ ಕಟ್ಟಿ ನೆರಳಲ್ಲಿ ಒಣಗಿಸಿ. ಬಿಸಿಲಲ್ಲಿ ಒಣಗಿಸಿದರೆ ಸೀಳ್ತದೆ. ಎರಡು ಹಾಳೆಯನ್ನು ನಾರು ಅಡ್ಡಡ್ಡ ಬರುವ ಹಾಗೆ ಜೋಡಿಸಿ ಬಲೆಯ ನೂಲಿನಲ್ಲಿ ಹೊಲಿಯಿರಿ, ಅಂಚಿನಿಂದ 2 ಸೆಂ.ಮೀ. ಒಳಗೆ. ನಾರಿನ ಉದ್ದಕ್ಕೆ ಹೊಲಿದರೆ ಮೊದಲ ಎಳೆತಕ್ಕೇ ಕಿತ್ತು ಬರ್ತದೆ. ನೀರಿನ ದೃಶ್ಯ ಇದ್ದರೆ ಪ್ರತಿ ಪಾತ್ರಕ್ಕೆ ಎರಡು ಜೊತೆ ಮಾಡಿಡಿ, ಒದ್ದೆಯಾದದ್ದು ಆಕಾರ ಬಿಡ್ತದೆ. ಕತ್ತಿ, ಕೊಡಲಿ ಎಲ್ಲ 10 ಮಿ.ಮೀ. ಇವಿಎ ಫೋಮಿನದ್ದೇ (ಚಪ್ಪಲಿಯ ಅಡಿಗೆ ಹಾಕುವ ಮೆತ್ತಗಿನ ಸಾಮಾನು) ಆಗಲಿ, ಒಳಗೆ ಅಡಿಕೆ ಸಲಾಕೆ ಬೇಡ, ಮುರಿದರೆ ಚೂಪು ಹೊರಗೆ ಬರ್ತದೆ. ತೆಳು ಪಿವಿಸಿ ಪೈಪು ಹಾಕಿ, ತುದಿಗೆ 5 ಸೆಂ.ಮೀ. ಬರೀ ಫೋಮ್ ಬಿಡಿ. ತುಕ್ಕಿನ ಬಣ್ಣಕ್ಕೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲು) ಹುಡಿಯನ್ನು ಜರಡಿ ಹಿಡಿದು ಮರದ ಅಂಟಿನಲ್ಲಿ ಕಲಸಿ ಬಡಿಯಿರಿ. ಬ್ರಷ್ಷಿನಲ್ಲಿ ಎಳೆದರೆ ಬಣ್ಣ ಬಳಿದಂತೆಯೇ ಕಾಣ್ತದೆ, ಸ್ಪಂಜಿನಲ್ಲಿ ಒತ್ತಿ.

ತೆಪ್ಪ: 200 ಲೀಟರಿನ ಪ್ಲಾಸ್ಟಿಕ್ ಡ್ರಮ್ ಆರು, ಮೂರರಂತೆ ಎರಡು ಸಾಲು, ಮೇಲೆ 12 ಅಡಿಯ ಬಿದಿರು. ಒಂದು ಡ್ರಮ್ ಅದರ ಭಾರ ಕಳೆದು ಸುಮಾರು 195 ಕೇಜಿ ಹೊರ್ತದೆ, ಆರಕ್ಕೆ 1,170. ಅದರ ಅರ್ಧಕ್ಕಿಂತ ಜಾಸ್ತಿ ಹೇರಬೇಡಿ. ನಾಲ್ಕು ಜನ 280, ಬಿದಿರು-ಹಗ್ಗ-ನೀರಿನ ಕ್ಯಾನು ಸೇರಿ ಇನ್ನೊಂದು 200, ಸರಿ ಹೋಗ್ತದೆ. ಮುಚ್ಚಳದ ತಿರುಪಿಗೆ ಟೆಫ್ಲಾನ್ ಟೇಪು ಸುತ್ತಿ ಮೇಲೆ ಸಿಲಿಕಾನ್ ಹಾಕಿ ಒಂದು ಇಡೀ ದಿನ ಬಿಡಿ. ಚೌಕಕ್ಕೆ ಮೂಲೆಯಿಂದ ಮೂಲೆಗೆ ಎರಡು ಬಿದಿರು ಕಟ್ಟದಿದ್ದರೆ ಮೊದಲ ಅಲೆಗೇ ಓರೆಯಾಗ್ತದೆ.

ಮೂಡುಗಾಳಿ:

ಗುಜರಿಯವರ ತೆಪ್ಪದಲ್ಲಿ ಕಟ್ಟುವ ಹಗ್ಗದ ಮಾತು ಬಿಟ್ಟುಹೋಗಿದೆ, ಅಲ್ಲೇ ತೆಪ್ಪ ಬಿಚ್ಚಿಹೋಗುವುದು. ನೈಲಾನ್ ಒದ್ದೆಯಾದರೆ ಹಿಗ್ಗಿ ಸಡಿಲ ಆಗ್ತದೆ. ಬಲೆಯ ಪ್ಲಾಸ್ಟಿಕ್ ಹಗ್ಗ ನೀರು ಕುಡಿಯುವುದಿಲ್ಲ, ಆದರೆ ಗಂಟು ಜಾರ್ತದೆ. ಲಾರಿಯ ಹಳೆ ಟ್ಯೂಬನ್ನು 5 ಸೆಂ.ಮೀ. ಅಗಲಕ್ಕೆ ಪಟ್ಟಿ ಕತ್ತರಿಸಿ, ಎಳೆದು ಹಿಡಿದೇ ಆರೇಳು ಸುತ್ತು ಹಾಕಿ. ಅದರ ಮೇಲೆ ಕ್ಯಾಮೆರಾಕ್ಕೆ ಕಾಣಲಿಕ್ಕೆ ತೆಂಗಿನ ನಾರಿನ ಹಗ್ಗ ಸುತ್ತಿದರೆ ಆಯಿತು.

ಈ ತೆಪ್ಪವನ್ನು ತೆರೆದ ಕಡಲಿಗೆ ಒಯ್ಯಬೇಡಿ. ಮಲ್ಪೆಯ ಉತ್ತರಕ್ಕಿರುವ ಕೋಡಿಬೆಂಗ್ರೆಯಲ್ಲಿ ಹೊಳೆಯ ಒಳಮೈಯಲ್ಲಿ, ಹೊಳೆ ಕಡಲು ಸೇರುವ ಅಳಿವೆಯಿಂದ ಚೆನ್ನಾಗಿ ಒಳಗೆ, ಸೊಂಟಮಟ್ಟ ನೀರಿನಲ್ಲಿ ಮಾಡಿ. ಇಳಿತದ ಹೊತ್ತು ಅಳಿವೆಯ ಎಳೆತ ಹೊರಮುಖವಾಗಿ ಜೋರು, ಭರತ ಏರುವಾಗ ಮಾತ್ರ ನೀರಿಗಿಳಿಯಿರಿ. ತೆಪ್ಪಕ್ಕೆ ಒಂದು ಹಗ್ಗ ದಡಕ್ಕೆ, ಫ್ರೇಮಿನ ಹೊರಗೆ ಒಂದು ಎಂಜಿನ್ ದೋಣಿ, ಬಟ್ಟೆಯೊಳಗೆ ಎಲ್ಲರಿಗೂ ತೆಳು ಲೈಫ್ ಜಾಕೆಟ್. ಕವಚ ಹಾಕಿದವನು ನೀರಿಗೆ ಬೀಳುವ ಶಾಟ್ ಇದ್ದರೆ ಕವಚ ಒಂದೇ ಎಳೆತಕ್ಕೆ ಬಿಚ್ಚುವ ಹಾಗೆ ಹಿಂದೆ ವೆಲ್ಕ್ರೋ ಇರಲಿ.

ಕೈದಿಗಳ ಬೀಡಿಗೆ ಹಳೆಯ ಮುರಕಲ್ಲಿನ ಕೋರೆ ಚೆನ್ನಾಗಿ ಕಾಣ್ತದೆ, ಕಡಿದ ನೇರ ಗೋಡೆ, ಕೆಂಪು ನೆಲ. ಜಾಗದ ಯಜಮಾನರನ್ನು ಕೇಳಿ ಒಣಗಿದ್ದನ್ನೇ ಆರಿಸಿ. ಮಳೆನೀರು ನಿಂತ ಕೋರೆಯ ಆಳ ಮೇಲಿಂದ ತಿಳಿಯುವುದಿಲ್ಲ, ಹತ್ತಿ ಬರಲು ಇಳಿಜಾರೂ ಇರುವುದಿಲ್ಲ. ಬೆಂಕಿ, ಹೊಗೆಯ ದೃಶ್ಯ ಎಲ್ಲ ಅಲ್ಲೇ ಮುಗಿಸಿ, ದ್ವೀಪದಲ್ಲಿ ಕಡ್ಡಿ ಗೀರುವುದೂ ಬೇಡ.

ಸೇಂಟ್ ಮೇರೀಸಿನ ಕಲ್ಲುಕಂಬ 1979ರಲ್ಲಿ ಘೋಷಣೆಯಾದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ ತಣಿದು ಆದ ಕಲ್ಲು, ಅದಕ್ಕೆ ಮೊಳೆ, ಬಣ್ಣ, ಕೃತಕ ರಕ್ತ ಯಾವುದೂ ತಾಗಬಾರದು. ಅನುಮತಿಗೆ ಜಿಲ್ಲಾಧಿಕಾರಿ ಕಚೇರಿಯಿಂದ ಶುರು ಮಾಡಿ. ಅರ್ಜಿಯಲ್ಲಿ ತಾರೀಕು, ಜನರ ಸಂಖ್ಯೆ, ಆಯುಧ ಎಲ್ಲ ಫೋಮಿನದ್ದು ಎಂಬುದು, ಡ್ರೋನಿನ ನಂಬರು ಬರೆಯಿರಿ. ಮಲ್ಪೆಯ ಕರಾವಳಿ ಕಾವಲು ಪೊಲೀಸರಿಗೂ ಒಂದು ಪ್ರತಿ ಕೊಡಿ, ಆಯುಧ ಹಿಡಿದವರು ಕಲ್ಲಿನ ಮೇಲೆ ಓಡುವುದನ್ನು ಯಾವುದೋ ಬೋಟಿನವರು ನೋಡಿ ಫೋನು ಮಾಡಿದರೆ ಆ ದಿನದ ಕೆಲಸ ಹೋಯಿತು. ಡ್ರೋನ್ 250 ಗ್ರಾಂ ದಾಟಿದರೆ ನೋಂದಣಿ ಕಡ್ಡಾಯ, ಹಾರಿಸುವ ಮುನ್ನ ಸರ್ಕಾರದ ಡಿಜಿಟಲ್ ಸ್ಕೈ ತಾಣದ ನಕ್ಷೆಯಲ್ಲಿ ಆ ಜಾಗ ಹಸಿರು ವಲಯವಾ (ಮುಂಚಿತ ಅನುಮತಿ ಬೇಡದ ಜಾಗವಾ) ನೋಡಿ, ಹಸಿರಿದ್ದರೂ ಎತ್ತರದ ಮಿತಿ 120 ಮೀಟರ್. ಪಡುಗಾಳಿ ಎದ್ದ ಮೇಲೆ ಸಣ್ಣ ಡ್ರೋನನ್ನು ಪೂರ್ವಕ್ಕೆ ದೂರ ಕಳಿಸಬೇಡಿ, ಹೋಗುವಾಗ ಗಾಳಿ ಹಿಂದಿನಿಂದ, ಬರುವಾಗ ಎದುರು, ಬ್ಯಾಟರಿ ಅರ್ಧದಲ್ಲೇ ತಿರುಗಿಸಿದರೂ ಸಾಲುವುದಿಲ್ಲ. ಡ್ರೋನಿನ ಶಾಟ್ ಎಲ್ಲ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ.